ಹಳೆಯ ಟಾರ್ಗೆಟ್ ರೈಫಲ್: ಹಾಗೇ ಇಟ್ಟುಕೊಳ್ಳುವುದಾ, ಬ್ಯಾರೆಲ್ ಬದಲಿಸುವುದಾ, ಚೇಂಬರ್ ಬೇರೆ ಕೊರೆಸುವುದಾ?

ಹೋದ ವರ್ಷದವರೆಗೂ ಒಂದರ ಮೇಲೊಂದು ಬೀಳುತ್ತಿದ್ದ ಗುಂಡುಗಳು ಈಗ ಚದುರುತ್ತಿವೆ. ಹತ್ತರಲ್ಲಿ ಏಳು ಸರಿಯಾಗೇ ಬೀಳುತ್ತವೆ. ಎಂಟನೆಯದು ಎಲ್ಲೋ ಹೋಗುತ್ತದೆ. ಉಸಿರು ಸರಿ ಇತ್ತು, ಟ್ರಿಗರ್ ಮೆತ್ತಗೆ ಬಿಟ್ಟಿತ್ತು, ಗಾಳಿಯೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಪಕ್ಕದವರು ಹೇಳುವ ಮೊದಲ ಮಾತು ಒಂದೇ: "ಬ್ಯಾರೆಲ್ ಹೋಗಿದೆ, ಬದಲಿಸಿಬಿಡಿ."

ಹೋಗಿರಲೂಬಹುದು. ಆದರೆ ಹಳೆಯ ಟಾರ್ಗೆಟ್ ರೈಫಲ್ ಕೈಯಲ್ಲಿರುವವರಿಗೆ ಮೂರು ದಾರಿ ಇವೆ. ಇದ್ದ ಹಾಗೇ ಇಟ್ಟುಕೊಂಡು ಹೊಡೆಯುವುದು ಒಂದು. ಆಕ್ಷನ್ (ಕಾಡತೂಸನ್ನು ಒಳಗೆ ತಳ್ಳಿ ಬೀಗ ಹಾಕುವ ಬೋಲ್ಟ್ ಇರುವ ಹಿಂದಿನ ಭಾಗ) ಉಳಿಸಿಕೊಂಡು ಹೊಸ ಬ್ಯಾರೆಲ್ ಹಾಕಿಸುವುದು ಇನ್ನೊಂದು. ಅದೇ ಬ್ಯಾರೆಲ್‌ನಲ್ಲಿ ಬೇರೆ ಕಾಡತೂಸಿಗೆ ಚೇಂಬರ್, ಅಂದರೆ ಕಾಡತೂಸು ಕೂರುವ ಗೂಡು, ಕೊರೆಸುವುದು ಮೂರನೆಯದು. ಇವುಗಳ ನಡುವೆ ನಾಲ್ಕನೆಯದೂ ಒಂದಿದೆ. ಬ್ಯಾರೆಲ್‌ನ ಹಿಂಭಾಗವನ್ನು ಸ್ವಲ್ಪ ಕತ್ತರಿಸಿ, ಅದೇ ಕಾಡತೂಸಿಗೆ ಮತ್ತೆ ಚೇಂಬರ್ ಕೊರೆಯುವುದು. ಇದಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ. ಯಾಕೋ ಇದನ್ನು ಬಹಳ ಜನ ಮರೆತೇಬಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾಗೇ ಇಟ್ಟುಕೊಳ್ಳುವುದು ಜನ ಅಂದುಕೊಂಡಿರುವುದಕ್ಕಿಂತ ಜಾಸ್ತಿ ಸಲ ಸರಿಯಾದ ದಾರಿ. ಬೇರೆ ಚೇಂಬರ್ ಕೊರೆಸುವುದು ಜನ ಅಂದುಕೊಂಡಿರುವುದಕ್ಕಿಂತ ಕಡಿಮೆ ಸಲ ಸರಿ. ಯಾಕೆ ಅನ್ನುವುದು ಬ್ಯಾರೆಲ್ ಹೇಗೆ ಸವೆಯುತ್ತದೆ ಅಂತ ಗೊತ್ತಾದರೆ ತಾನಾಗೇ ತಿಳಿಯುತ್ತದೆ.

ತಪ್ಪು ಬ್ಯಾರೆಲ್‌ನದ್ದೇನಾ?

ಕೆಲವು ವರ್ಷಗಳ ಹಿಂದೆ ನನ್ನ .308 (ಇಂಥ ಅಂಕಿಗಳೆಲ್ಲ ಕಾಡತೂಸಿನ ಹೆಸರುಗಳು) ರೈಫಲ್ ಹೀಗೇ ಚದುರಲು ಶುರುಮಾಡಿತು. ನೋಡಿದ ಗನ್‌ಸ್ಮಿತ್ ಒಬ್ಬರು ಬ್ಯಾರೆಲ್ ಮುಗಿದಿದೆ ಎಂದರು. ನಾನೂ ಒಪ್ಪಿಕೊಂಡು ಹೊಸ ಬ್ಯಾರೆಲ್‌ಗೆ ಹೇಳಿಬಿಟ್ಟಿದ್ದೆ. ಅದು ಬರುವಷ್ಟರಲ್ಲಿ ಸ್ಟಾಕ್ (ರೈಫಲ್‌ನ ಮರದ ಹಿಡಿ) ಬಿಚ್ಚಿ ನೋಡಿದಾಗ ಬೇರೆಯೇ ಕಥೆ. ಮುಂದಿನ ಆಕ್ಷನ್ ಸ್ಕ್ರೂ ತನ್ನ ರಂಧ್ರದ ತುದಿಗೆ ತಾಗಿ ನಿಂತಿತ್ತು. ಕೈಗೆ ಬಿಗಿಯಾಗಿದೆ ಅನ್ನಿಸುತ್ತಿತ್ತು, ಆದರೆ ಆಕ್ಷನ್ ಅನ್ನು ಸ್ಟಾಕ್‌ಗೆ ಎಳೆದು ಹಿಡಿದಿರಲಿಲ್ಲ. ವರ್ಷಗಳ ಒತ್ತಡಕ್ಕೆ ಮರ ಕುಗ್ಗಿತ್ತು, ಸ್ಕ್ರೂ ಅಷ್ಟು ಉದ್ದವಾಗಿ ಉಳಿದಿತ್ತು. ಸ್ಕ್ರೂ ತುದಿಯನ್ನು ಒಂದಿಷ್ಟು ಅರ ಹಾಕಿದ ಮೇಲೆ ಹಳೆಯ ಗ್ರೂಪ್, ಅಂದರೆ ಗುಂಡುಗಳು ಒಟ್ಟಾಗಿ ಬೀಳುವ ಗುಂಪು, ವಾಪಸ್ ಬಂತು. ಆ ಹಳೆಯ ಬ್ಯಾರೆಲ್‌ನಲ್ಲಿ ಮತ್ತೆರಡು ಸೀಸನ್ ಹೊಡೆದೆ.

ಅದಕ್ಕೇ ಹೇಳುವುದು, ಬ್ಯಾರೆಲ್ ಬಗ್ಗೆ ಯೋಚಿಸುವ ಮೊದಲು ಸುತ್ತಲಿನದ್ದನ್ನೆಲ್ಲ ನೋಡಿ ಮುಗಿಸಿ. ಆಕ್ಷನ್ ಸ್ಕ್ರೂಗಳು. ಆಕ್ಷನ್ ಕೂರುವ ಬೆಡ್ಡಿಂಗ್‌ನಲ್ಲಿ ಬಿರುಕು ಅಥವಾ ಎಣ್ಣೆ ಕುಡಿದು ಮೆತ್ತಗಾದ ಮರ. ಸೈಟ್ ಅಥವಾ ಸ್ಕೋಪ್‌ನ ಬೇಸ್ ಸಡಿಲವಾಗಿದೆಯಾ? ಸ್ಟಾಕ್‌ನ ಮುಂಭಾಗ ಎಲ್ಲಾದರೂ ಬ್ಯಾರೆಲ್‌ಗೆ ತಾಗುತ್ತಿದೆಯಾ? ತೆಳು ಕಾಗದ ಹಾಯಿಸಿದರೆ ಗೊತ್ತಾಗುತ್ತದೆ. ಆಮೇಲೆ ಬ್ಯಾರೆಲ್‌ನ ಬಾಯಿ, ಅಂದರೆ ಕ್ರೌನ್. ಗುಂಡು ಕೊನೆಯ ಬಾರಿಗೆ ಲೋಹ ಮುಟ್ಟುವ ಜಾಗ ಅದು. ಅಲ್ಲಿ ಒಂದು ಕಡೆ ಸಣ್ಣ ಏಟು ಬಿದ್ದಿದ್ದರೂ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಲೇತ್‌ನಲ್ಲಿ ಕ್ರೌನ್ ಹೊಸದು ಮಾಡುವುದು ಚಿಕ್ಕ ಕೆಲಸ.

ಇನ್ನೊಂದು ಸಂಗತಿ ಮಸಿ. ಚೇಂಬರಿನ ಕತ್ತು ಮುಗಿದು ರೈಫ್ಲಿಂಗ್ (ಗುಂಡನ್ನು ಸುತ್ತಿಸಲು ಬ್ಯಾರೆಲ್ ಒಳಗೆ ಕೊರೆದ ತಿರುಚು ಗೀರುಗಳು) ಶುರುವಾಗುವ ಜಾಗದಲ್ಲಿ ಮದ್ದಿನ ಮಸಿ ಗಟ್ಟಿಯಾಗಿ ಬಳೆಯ ಹಾಗೆ ಕೂರುತ್ತದೆ. ಮಾಮೂಲಿ ದ್ರಾವಣದಲ್ಲಿ ಬಟ್ಟೆ ಎಳೆದರೆ ಅದು ಬಿಡುವುದಿಲ್ಲ. ಮೇಲಿಂದ ನೋಡಿದರೆ ಬ್ಯಾರೆಲ್ ಹೊಳೆಯುತ್ತಿರುತ್ತದೆ, ಒಳಗೆ ಬಳೆ ಹಾಗೇ ಇರುತ್ತದೆ. ಅದನ್ನು ಸರಿಯಾಗಿ ತೆಗೆದ ಮೇಲೆ "ಸತ್ತ" ಬ್ಯಾರೆಲ್‌ಗಳು ಎದ್ದು ಕೂತದ್ದನ್ನು ನೋಡಿದ್ದೇನೆ.

ಕೊನೆಗೆ ಕಾಡತೂಸು. .22ರಲ್ಲಂತೂ ಒಂದೇ ಬ್ರಾಂಡಿನ ಒಂದು ಲಾಟ್‌ಗೂ (ಒಂದೇ ಸಲಕ್ಕೆ ತಯಾರಾದ ಕಂತು) ಇನ್ನೊಂದು ಲಾಟ್‌ಗೂ ಅಜಗಜಾಂತರ ಇರುತ್ತದೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ಉಂಗುರದ ಅಗಲವೇ 10.4 ಮಿ.ಮೀ. ಅಷ್ಟು ಸಣ್ಣ ಗುರಿಗೆ ಲಾಟ್ ಬದಲಾದದ್ದೇ ಸಾಕು, ರೈಫಲ್ ಕೆಟ್ಟಂತೆ ಕಾಣುತ್ತದೆ. ರೈಫಲ್ಲನ್ನು ರೆಸ್ಟ್ (ಅಲುಗದಂತೆ ಹಿಡಿಯುವ ಆಸರೆ) ಮೇಲಿಟ್ಟು, ಮೂರು ನಾಲ್ಕು ಲಾಟ್‌ಗಳನ್ನು ಹತ್ತತ್ತು ಗುಂಡಿನ ಗ್ರೂಪ್‌ನಲ್ಲಿ ಹೊಡೆದು ನೋಡಿ. ಸಾಧ್ಯವಾದರೆ ಇನ್ನೊಬ್ಬ ಒಳ್ಳೆಯ ಶೂಟರ್ ಕೈಗೂ ಕೊಡಿ.

ಬ್ಯಾರೆಲ್ ಎಲ್ಲಿ, ಹೇಗೆ ಸವೆಯುತ್ತದೆ

ಸೆಂಟರ್‌ಫೈರ್ (.308ರಂತೆ ಕಾಡತೂಸಿನ ತಳದ ನಡುವೆ ಪಿನ್ ಬಡಿಯುವ ಬಗೆ) ಬ್ಯಾರೆಲ್ ಉದ್ದಕ್ಕೂ ಒಂದೇ ಸಮ ಸವೆಯುವುದಿಲ್ಲ. ಸಾಯುವುದು ಗಂಟಲಿನಲ್ಲಿ. ಚೇಂಬರ್ ಮುಗಿದು ರೈಫ್ಲಿಂಗ್ ಏಳುವ ಆ ಜಾಗಕ್ಕೆ ಥ್ರೋಟ್ ಅನ್ನುತ್ತಾರೆ. ಪ್ರತಿ ಗುಂಡಿಗೂ ಸುಡುವ ಅನಿಲ ಮತ್ತು ಮದ್ದಿನ ಕಣಗಳು ಆ ಚೂರು ಉಕ್ಕನ್ನು ಕ್ಷಣಮಾತ್ರ ಬೇಯಿಸಿ ಮುಂದೆ ಹೋಗುತ್ತವೆ. ಕಾದು ತಣ್ಣಗಾಗಿ, ಕಾದು ತಣ್ಣಗಾಗಿ, ಉಕ್ಕಿನ ಮೇಲ್ಮೈ ಬಿರುಕು ಬಿಡುತ್ತದೆ. ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ಇಣುಕುವ ಸಾಧನ) ಹಾಕಿ ನೋಡಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯ ನೆಲದ ಹಾಗೆ ಕಾಣುತ್ತದೆ. ಆ ಬಿರುಕಿನ ಅಂಚುಗಳು ಒಂದೊಂದಾಗಿ ಕಿತ್ತುಹೋಗುತ್ತವೆ. ರೈಫ್ಲಿಂಗ್ ಮುಂದೆ ಮುಂದೆ ಸರಿಯುತ್ತದೆ. ಅದೇ ಬ್ಯಾರೆಲ್‌ನ ಮುಂದಿನ ಮುಕ್ಕಾಲು ಭಾಗ ಮಾತ್ರ ಹೊಸದರಂತೆಯೇ ಇರುತ್ತದೆ.

ಎಷ್ಟು ಗುಂಡಿಗೆ ಹೀಗಾಗುತ್ತದೆ ಅನ್ನುವುದು ಕಾಡತೂಸಿನ ಮೇಲಿದೆ. ಕೊಳವೆ ಸಣ್ಣದಾಗಿ ಮದ್ದು ಜಾಸ್ತಿಯಾದಷ್ಟೂ ಆಯುಸ್ಸು ಕಡಿಮೆ. .308 ವಿಂಚೆಸ್ಟರ್‌ನಲ್ಲಿ ಸಾಮಾನ್ಯವಾಗಿ 3,000ದಿಂದ 5,000 ಗುಂಡುಗಳವರೆಗೆ ಸ್ಪರ್ಧೆಯ ಮಟ್ಟದ ನಿಖರತೆ ಸಿಗುತ್ತದೆ. .243 ವಿಂಚೆಸ್ಟರ್‌ನಲ್ಲಿ ಅದು 1,500ರಿಂದ 2,000ಕ್ಕೆ ಇಳಿಯುತ್ತದೆ. 6.5-284 ಇನ್ನೂ ಹಸಿದದ್ದು, 1,000ದಿಂದ 1,500. ಬೇಗ ಬೇಗ ಹೊಡೆದು ಬ್ಯಾರೆಲ್ ಬಿಸಿ ಮಾಡುವವರ ಕೈಯಲ್ಲಿ ಈ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ಸವೆತವನ್ನು ಅಳೆಯಬಹುದು. ಗುಂಡು ರೈಫ್ಲಿಂಗ್‌ಗೆ ತಾಗುವ ಉದ್ದವನ್ನು ಗೇಜ್‌ನಿಂದ ಅಳೆದು ಬರೆದಿಡಿ. ಪ್ರತಿ 300 ಗುಂಡಿಗೊಮ್ಮೆ ಅದೇ ಬ್ರಾಂಡಿನ ಗುಂಡಿನಲ್ಲಿ ಮತ್ತೆ ಅಳೆಯಿರಿ. ಅದು ನಿಧಾನವಾಗಿ ಬೆಳೆಯುತ್ತಾ ಹೋದರೆ ಗಾಬರಿ ಬೇಡ. ಅಲ್ಲಿಯವರೆಗೆ ಸಮನಾಗಿ ಬೆಳೆಯುತ್ತಿದ್ದದ್ದು ಒಮ್ಮೆಲೇ ಜೋರಾಗಿ ಓಡಲು ಶುರುಮಾಡಿದರೆ ಕೊನೆ ಹತ್ತಿರ ಬಂದಿದೆ. ಅದರ ಜೊತೆಗೆ ವೇಗವೂ ಕಡಿಮೆಯಾಗಿ, ಒಂದು ಗುಂಡಿನ ವೇಗಕ್ಕೂ ಇನ್ನೊಂದರದ್ದಕ್ಕೂ ಅಂತರ ಹೆಚ್ಚಾಗುತ್ತದೆ. ಇದು ಮೊದಲು ಕಾಣಿಸುವುದು ದೂರದಲ್ಲಿ. 300 ಮೀಟರ್‌ನಲ್ಲಿ ಚೆನ್ನಾಗೇ ಇರುವ ಬ್ಯಾರೆಲ್ 900 ಮೀಟರ್‌ನಲ್ಲಿ ಮೇಲೆ ಕೆಳಗೆ ಚದುರುತ್ತದೆ. ಆದ್ದರಿಂದ ನೀವು ಎಷ್ಟು ದೂರ ಹೊಡೆಯುತ್ತೀರಿ ಅನ್ನುವುದರ ಮೇಲೆ "ಬ್ಯಾರೆಲ್ ಮುಗಿದಿದೆ" ಅನ್ನುವ ಮಾತಿನ ಅರ್ಥವೇ ಬದಲಾಗುತ್ತದೆ.

ಬೋರ್‌ಸ್ಕೋಪ್ ನೋಡಿ ಹೆದರಬೇಡಿ ಅಂತಲೂ ಹೇಳಬೇಕು. ಸಾವಿರ ಗುಂಡು ಹಾರಿಸಿದ .308 ಗಂಟಲಿನಲ್ಲಿ ಬಿರುಕು ಕಂಡೇ ಕಾಣುತ್ತದೆ. ಅದು ಚೆನ್ನಾಗಿಯೂ ಹೊಡೆಯುತ್ತದೆ. ತೀರ್ಪು ಕೊಡಬೇಕಾದದ್ದು ಟಾರ್ಗೆಟ್.

.22 ಎಲ್‌ಆರ್‌ನ ವಿಷಯವೇ ಬೇರೆ. ಮೆತ್ತನೆಯ ಸೀಸದ ಗುಂಡು, ಚಿಟಿಕೆಯಷ್ಟು ಮದ್ದು, ಸೆಕೆಂಡಿಗೆ ಸುಮಾರು 330 ಮೀಟರ್ ವೇಗ. ಲಕ್ಷದ ಹತ್ತಿರ ಗುಂಡು ಹಾರಿಸಿದ ಮೇಲೂ ಚೆನ್ನಾಗಿ ಹೊಡೆಯುವ .22 ಬ್ಯಾರೆಲ್‌ಗಳಿವೆ. ಅವುಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ತುಕ್ಕಿನಿಂದ, ಮತ್ತು ಗೈಡ್ ಇಲ್ಲದೆ ಬಾಯಿಯ ಕಡೆಯಿಂದ ನುಗ್ಗಿಸಿದ ಕ್ಲೀನಿಂಗ್ ರಾಡ್‌ನಿಂದ.

ಹಾಗೇ ಇಟ್ಟುಕೊಳ್ಳುವುದು

ಹಳೆಯ .22 ಟಾರ್ಗೆಟ್ ರೈಫಲ್ ನಿಮ್ಮದಾಗಿದ್ದರೆ, ಅಂದರೆ ಆನ್‌ಶುಟ್ಜ್ 1411 ಅಥವಾ 1413, ವಿಂಚೆಸ್ಟರ್ 52, ಬಿಎಸ್‌ಎ ಮಾರ್ಟಿನಿ ಇಂಟರ್‌ನ್ಯಾಷನಲ್ ಇಂಥದ್ದು, ನನ್ನ ಸಲಹೆ ಬಹುಪಾಲು ಇದೇ. ಇಟ್ಟುಕೊಳ್ಳಿ. ಒಳಗೆ ತುಕ್ಕಿನ ಗುಂಡಿ ಬಿದ್ದಿಲ್ಲ, ಕ್ರೌನ್ ಸರಿ ಇದೆ, ಒಂದಾದರೂ ಲಾಟ್ ಚೆನ್ನಾಗಿ ಹೊಡೆಯುತ್ತದೆ ಅಂದರೆ ಅದರಲ್ಲಿ ಇನ್ನೂ ದಶಕಗಳ ಜೀವ ಇದೆ. ಖಾಲಿ ಕೇಸು, ಅಂದರೆ ಹೊಡೆದ ಮೇಲೆ ಉಳಿಯುವ ಕಾಡತೂಸಿನ ಚಿಪ್ಪು, ಸಲೀಸಾಗಿ ಹೊರಗೆ ಬರುತ್ತಿಲ್ಲ ಅಂತ ಬ್ಯಾರೆಲ್ ಬೈಯಬೇಡಿ. ಖಾಲಿ ರೈಫಲ್ಲನ್ನು ಪದೇ ಪದೇ ಹೊಡೆದು ಅಭ್ಯಾಸ ಮಾಡಿದಾಗ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಸಣ್ಣ ಉಬ್ಬು ಎದ್ದಿರುತ್ತದೆ. ಗನ್‌ಸ್ಮಿತ್ ಚೇಂಬರ್ ಐರನ್ ಅನ್ನುವ ಸಣ್ಣ ಸಾಧನದಿಂದ ಅದನ್ನು ವಾಪಸ್ ಒತ್ತುತ್ತಾರೆ.

.22ರಲ್ಲಿ ಬಾಯಿಯ ಕಡೆ ಕತ್ತರಿಸುವ ವಿಚಾರದಲ್ಲಿ ಒಂದು ಎಚ್ಚರ. ಅನೇಕ ಒಳ್ಳೆಯ ಮ್ಯಾಚ್ ಬ್ಯಾರೆಲ್‌ಗಳು ಬಾಯಿಯ ಹತ್ತಿರ ಒಂದು ಎಳೆಯಷ್ಟು ಬಿಗಿಯಾಗಿರುತ್ತವೆ. ಅದಕ್ಕೆ ಚೋಕ್ ಅನ್ನುತ್ತಾರೆ. ಕ್ರೌನ್ ಸರಿ ಮಾಡಲು ಹೋಗಿ ಆ ಬಿಗಿಯಾದ ಭಾಗವನ್ನೇ ಕತ್ತರಿಸಿ ಹಾಕಿದರೆ ಬ್ಯಾರೆಲ್‌ನ ಗುಣವೇ ಹೋಗುತ್ತದೆ.

ಸೆಂಟರ್‌ಫೈರ್‌ನಲ್ಲಿ ಇಟ್ಟುಕೊಳ್ಳಲು ಒಳ್ಳೆಯ ಕಾರಣಗಳು ಎರಡು. ನೀವು ಹೊಡೆಯುವ ದೂರಕ್ಕೆ ಅದು ಇನ್ನೂ ಸಾಕು ಅನ್ನುವುದು ಮೊದಲನೆಯದು. 300 ಮೀಟರ್ ಅಂತರರಾಷ್ಟ್ರೀಯ ಟಾರ್ಗೆಟ್‌ನಲ್ಲಿ ಹತ್ತರ ಉಂಗುರ 100 ಮಿ.ಮೀ. ರೆಸ್ಟ್ ಮೇಲೆ ನಿಮ್ಮ ರೈಫಲ್ ಇಪ್ಪತ್ತು ಗುಂಡನ್ನೂ ಅದರೊಳಗೆ ಇಡುತ್ತದೆ, ನೀವು ಕೈಯಲ್ಲಿ ಹಿಡಿದು ಎಂಟಕ್ಕೆ ಹೊಡೆಯುತ್ತಿದ್ದೀರಿ ಅಂದರೆ ಹೊಸ ಬ್ಯಾರೆಲ್‌ನಿಂದ ಏನೂ ಸಿಗುವುದಿಲ್ಲ. ಆ ದುಡ್ಡು ಕಾಡತೂಸಿಗೆ ಹೋಗಲಿ.

ಎರಡನೆಯದು, ಆ ರೈಫಲ್ ಇರುವುದೇ ಒಂದು ಕಾಲದ ಗುರುತಾಗಿ. ಸ್ವೀಡನ್ನಿನ ಸಿಜಿ63 ಅನ್ನೇ ನೋಡಿ. ಹಳೆಯ ಮೌಸರ್ ಎಂ/96 ಕಾಲದ ಆಕ್ಷನ್‌ಗಳ ಮೇಲೆ ಕಾರ್ಲ್ ಗುಸ್ತಾಫ್ ಕಾರ್ಖಾನೆ ಕಟ್ಟಿದ 6.5×55 ಟಾರ್ಗೆಟ್ ರೈಫಲ್ ಅದು. ಅಥವಾ ಬ್ರಿಟನ್ನಿನ ಎಲ್39ಎ1. ಲೀ-ಎನ್‌ಫೀಲ್ಡ್ ನಂ. 4 ಆಕ್ಷನ್‌ಗೆ 7.62 ಮಿ.ಮೀ. ದಪ್ಪ ಬ್ಯಾರೆಲ್ ಹಾಕಿ 1960ರ ದಶಕದ ಕೊನೆಯಲ್ಲಿ ತಂದದ್ದು. ಇಂಥವುಗಳ ಮೂಲ ಬ್ಯಾರೆಲ್ ತೆಗೆದರೆ ರೈಫಲ್‌ನ ಅರ್ಧ ಕಥೆ ಹೋಯಿತು. ಹಳೆಯ ರೈಫಲ್‌ಗಳ ಸ್ಪರ್ಧೆಗಳಲ್ಲಿ ಮೂಲರೂಪವೇ ನಿಯಮವಾಗಿರುವುದೂ ಉಂಟು. ಬದಲಿಸುವುದು ಅನಿವಾರ್ಯ ಅಂದರೆ, ತೆಗೆದ ಬ್ಯಾರೆಲ್ಲಿಗೆ ಎಣ್ಣೆ ಹಚ್ಚಿ ಸುತ್ತಿ ಇಡಿ. ಮಾರಬೇಡಿ.

ಇಟ್ಟುಕೊಂಡೇ ಗಂಟಲು ಸವೆದದ್ದನ್ನು ಸ್ವಲ್ಪ ಸರಿದೂಗಿಸಬಹುದು. ಕಾಡತೂಸನ್ನು ತಾವೇ ತುಂಬಿಕೊಳ್ಳುವವರು ಗುಂಡನ್ನು ಒಂಚೂರು ಹೊರಗೆ ಕೂರಿಸಿ ರೈಫ್ಲಿಂಗ್ ಅನ್ನು ಹಿಂಬಾಲಿಸುತ್ತಾರೆ. ಇದಕ್ಕೂ ಮಿತಿ ಇದೆ. ಕೇಸಿನ ಕತ್ತಿನಲ್ಲಿ ಗುಂಡಿಗೆ ಸಾಕಷ್ಟು ಹಿಡಿತ ಇರಬೇಕು. ಮ್ಯಾಗಜಿನ್‌ನಿಂದ ಹೊಡೆಯುವವರಿಗೆ ಅದರ ಉದ್ದವೇ ಮಿತಿ. ಕಾರ್ಖಾನೆಯ ಕಾಡತೂಸು ಹೊಡೆಯುವವರಿಗೆ ಈ ದಾರಿಯೇ ಇಲ್ಲ.

ಬೇರೆ ಚೇಂಬರ್ ಕೊರೆಸುವುದು

ಇದು ಕೇಳಲು ಬಹಳ ಚೆನ್ನಾಗಿದೆ. ಬ್ಯಾರೆಲ್ ಕೊಳ್ಳುವುದು ಬೇಡ, ರೀಮರ್ (ಚೇಂಬರ್ ಕೊರೆಯುವ ಉಪಕರಣ) ಹಾಕಿ ಚೇಂಬರ್ ದೊಡ್ಡದು ಮಾಡಿದರೆ ಹೊಸ ಕಾಡತೂಸು, ಹೊಸ ರೈಫಲ್. ನಿಜ ಇಷ್ಟು ಸುಲಭ ಇಲ್ಲ.

ಮೊದಲ ಕಟ್ಟಳೆ: ರೀಮರ್ ಲೋಹ ತೆಗೆಯುತ್ತದೆ, ತುಂಬುವುದಿಲ್ಲ. ಹೊಸ ಚೇಂಬರ್ ಹಳೆಯದಕ್ಕಿಂತ ಪ್ರತಿ ಜಾಗದಲ್ಲೂ ದೊಡ್ಡದಿರಬೇಕು. ಒಂದೇ ಒಂದು ಕಡೆ ಚಿಕ್ಕದಾದರೂ ಅಲ್ಲಿ ಹಳೆಯ ಚೇಂಬರಿನ ಗುರುತು ಉಳಿಯುತ್ತದೆ. .308ರ ಕೇಸು 51 ಮಿ.ಮೀ., .30-06ರದ್ದು 63 ಮಿ.ಮೀ. ಎರಡೂ ಒಂದೇ ಅಳತೆಯ ಗುಂಡು, ಒಂದೇ ಬೋಲ್ಟ್ ಮುಖ. ಹಾಗಾದರೆ .308 ಅನ್ನು .30-06 ಮಾಡಬಹುದಲ್ವಾ ಅನ್ನಿಸುತ್ತದೆ. ಆದರೆ .308ರ ಕೇಸು ಹೆಚ್ಚು ನೇರ, ಭುಜದ ಹತ್ತಿರ ದಪ್ಪ. .30-06 ಅದೇ ಜಾಗದಲ್ಲಿ ಸ್ವಲ್ಪ ತೆಳ್ಳಗಿರುತ್ತದೆ. ಕೊರೆದ ಮೇಲೆ ಹಳೆಯ ಭುಜದ ಜಾಗದಲ್ಲಿ ಒಂದು ಉಂಗುರ ಉಳಿಯುತ್ತದೆ, ಪ್ರತಿ ಕೇಸೂ ಅಲ್ಲಿ ಉಬ್ಬಿ ಬರುತ್ತದೆ. ತಿರುಗಾಮುರುಗಾ, .30-06 ಅನ್ನು .308 ಮಾಡಬೇಕಾದರೆ ಬ್ಯಾರೆಲ್ ಹಿಂಭಾಗವನ್ನು ಕತ್ತರಿಸಲೇಬೇಕು. .303 ಬ್ರಿಟಿಷ್ ಬ್ಯಾರೆಲ್ ಅನ್ನು .308 ಮಾಡುವ ಮಾತೇ ಇಲ್ಲ. ಅದರ ಗುಂಡೇ ದಪ್ಪ, ಸುಮಾರು 0.311 ಇಂಚು.

ಎರಡನೆಯದು ಗಂಟಲು. ಇಲ್ಲಿಯೇ ಜಾಸ್ತಿ ಜನ ಮೋಸ ಹೋಗುವುದು. ಸವೆದ ಬ್ಯಾರೆಲ್‌ಗೆ ಬೇರೆ ಚೇಂಬರ್ ಕೊರೆಸಿದರೆ ಸವೆತ ಹೋಗುತ್ತದೆ ಅಂದುಕೊಳ್ಳುತ್ತಾರೆ. .222 ರೆಮಿಂಗ್ಟನ್ ಕೇಸು 43 ಮಿ.ಮೀ., .223 ಕೇಸು 45 ಮಿ.ಮೀ. ಚೇಂಬರ್ ಮುಂದೆ ಹೋಗುವುದು ಎರಡೇ ಮಿಲಿಮೀಟರ್. ಸವೆತ ಅದಕ್ಕಿಂತ ಬಹಳ ಮುಂದೆ ಹಬ್ಬಿರುತ್ತದೆ. ಆಕ್ಲಿ ಇಂಪ್ರೂವ್ಡ್ ಮಾದರಿಗಳಲ್ಲಿ ಇನ್ನೂ ಸ್ಪಷ್ಟ. ಅವು ಕೇಸಿನ ಭುಜವನ್ನು ಚೂಪು ಮಾಡಿ ಹೊಟ್ಟೆಯನ್ನು ಅಗಲ ಮಾಡುತ್ತವೆ, ಉದ್ದ ಹೆಚ್ಚಿಸುವುದಿಲ್ಲ. ಬಿರುಕು ಬಿಟ್ಟ ಗಂಟಲು ಇದ್ದಲ್ಲೇ ಇರುತ್ತದೆ. ಅದರ ಮೇಲೆ ಇನ್ನಷ್ಟು ಮದ್ದು ಸುಡುತ್ತೀರಿ, ಅಷ್ಟೇ.

ಮೂರನೆಯದು ಟ್ವಿಸ್ಟ್, ಅಂದರೆ ಎಷ್ಟು ಇಂಚಿಗೆ ಗುಂಡು ಒಂದು ಸುತ್ತು ಸುತ್ತುತ್ತದೆ ಅನ್ನುವುದು. ಚೇಂಬರ್ ಬದಲಾದರೂ ಇದು ಬದಲಾಗುವುದಿಲ್ಲ. ಹಳೆಯ .222 ಬ್ಯಾರೆಲ್‌ಗಳಲ್ಲಿ 14 ಇಂಚಿಗೆ ಒಂದು ಸುತ್ತು ಸಾಮಾನ್ಯ. 50–55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ ಅದು ಚೆನ್ನ. ಇವತ್ತು .223ಯಲ್ಲಿ ದೂರಕ್ಕೆ ಹೊಡೆಯುವ 80 ಗ್ರೇನ್ ಗುಂಡಿಗೆ 7 ಅಥವಾ 8 ಇಂಚಿನ ಟ್ವಿಸ್ಟ್ ಬೇಕು. ಹಳೆಯ ಬ್ಯಾರೆಲ್‌ನಿಂದ ಆ ಗುಂಡು ಪಲ್ಟಿ ಹೊಡೆಯುತ್ತಾ ಹೋಗುತ್ತದೆ. ಹೊಸ ಚೇಂಬರ್ ಕೊರೆಸಿದ ಉದ್ದೇಶವೇ ಅಲ್ಲಿಗೆ ಮುಗಿಯಿತು.

ನಾಲ್ಕನೆಯದು ಒತ್ತಡ, ಇದು ಸುರಕ್ಷೆಯ ಮಾತು. ಸಿಐಪಿ ಅನ್ನುವ ಅಂತರರಾಷ್ಟ್ರೀಯ ಬಂದೂಕು ಪರೀಕ್ಷಾ ಆಯೋಗ ಗೊತ್ತುಮಾಡಿದ ಗರಿಷ್ಠ ಒತ್ತಡ .222ಕ್ಕೆ 3,700 ಬಾರ್, .223ಕ್ಕೆ 4,300. .303 ಬ್ರಿಟಿಷ್‌ಗೆ 3,650, 6.5×55ಕ್ಕೆ 3,800, .308ಕ್ಕೆ 4,150. ಹಳೆಯ ಆಕ್ಷನ್ ಅನ್ನು ಕಟ್ಟಿದ್ದು ಅಂದಿನ ಕಾಡತೂಸಿಗೆ. ಎಂ/96ರಲ್ಲಿ ಮೌಸರ್ 98ರ ಮೂರನೇ ಲಗ್ (ಬೋಲ್ಟ್ ಹಿಂದೆ ಜಾರದಂತೆ ತಡೆಯುವ ಗುಬುಟು) ಇಲ್ಲ. ಲೀ-ಎನ್‌ಫೀಲ್ಡ್‌ನ ಲಗ್‌ಗಳು ಬೋಲ್ಟ್‌ನ ಹಿಂಭಾಗದಲ್ಲಿವೆ. ಚೇಂಬರ್ ಅಥವಾ ಕಾಡತೂಸು ಒದ್ದೆಯಾದರೆ ಕೇಸು ಚೇಂಬರಿನ ಗೋಡೆಯನ್ನು ಹಿಡಿಯುವುದಿಲ್ಲ, ಬೋಲ್ಟ್ ಮೇಲೆ ಬೀಳುವ ನೂಕು ಏರುತ್ತದೆ. ಮಳೆಯಲ್ಲಿ ಹೊಡೆಯುವಾಗ ಕಾಡತೂಸನ್ನು ಒಣಗಿಸಿಟ್ಟುಕೊಳ್ಳಿ ಅಂತ ಹಳಬರು ಹೇಳುತ್ತಿದ್ದದ್ದು ಅದಕ್ಕೇ. ಕಡಿಮೆ ಒತ್ತಡದ ಆಕ್ಷನ್‌ಗೆ ಹೆಚ್ಚಿನ ಒತ್ತಡದ ಚೇಂಬರ್ ಕೊರೆಸುವ ಯೋಚನೆ ಬಂದರೆ, ಅದನ್ನು ಅಲ್ಲೇ ಬಿಡಿ.

ಹಾಗಾದರೆ ಇದು ಯಾವಾಗ ಸರಿ? ಬ್ಯಾರೆಲ್ ಹೊಸದರ ಹಾಗೇ ಇದ್ದು, ಮೂಲ ಕಾಡತೂಸು ಸಿಗುವುದೇ ಕಷ್ಟವಾಗಿದ್ದು, ಹೊಸ ಚೇಂಬರ್ ಹಳೆಯದನ್ನು ಪೂರ್ತಿ ನುಂಗುವಂತಿದ್ದು, ಟ್ವಿಸ್ಟ್ ಹೊಂದಿ, ಆಕ್ಷನ್ ತಡೆಯುವಂತಿದ್ದರೆ. ಐದೂ ಒಟ್ಟಿಗೆ ಕೂಡಿಬರುವುದು ಅಪರೂಪ. ಕೂಡಿಬಂದರೆ ಮಾಡಿಸಿ, ಮತ್ತು ಅದೇ ದಿನ ಬ್ಯಾರೆಲ್ ಮೇಲೆ ಹೊಸ ಕಾಡತೂಸಿನ ಹೆಸರನ್ನು ಕೆತ್ತಿಸಿ. ನಾಳೆ ಆ ರೈಫಲ್ ಬೇರೆಯವರ ಕೈಗೆ ಹೋದಾಗ ಅವರು ಬ್ಯಾರೆಲ್ ಮೇಲೆ ಬರೆದದ್ದನ್ನೇ ನಂಬುತ್ತಾರೆ.

ಸೆಟ್‌ಬ್ಯಾಕ್

ಗಂಟಲಷ್ಟೇ ಹಾಳಾಗಿ ಉಳಿದದ್ದೆಲ್ಲ ಚೆನ್ನಾಗಿದ್ದರೆ, ಗಂಟಲನ್ನೇ ಕತ್ತರಿಸಿ ತೆಗೆದರೆ ಆಯಿತಲ್ವಾ? ಅದೇ ಇದು. ಬ್ಯಾರೆಲ್ ಬಿಚ್ಚಿ, ಹಿಂದಿನಿಂದ ಸುಮಾರು 25 ಮಿ.ಮೀ. ಕತ್ತರಿಸಿ, ಮತ್ತೆ ಥ್ರೆಡ್ ಹಾಕಿ, ಅದೇ ಕಾಡತೂಸಿಗೆ ಹೊಸ ಚೇಂಬರ್ ಕೊರೆಯುತ್ತಾರೆ.

ಹಿಂಭಾಗ ನೇರವಾಗಿ ದಪ್ಪಗಿರುವ ಬ್ಯಾರೆಲ್‌ಗೆ ಇದು ಒಪ್ಪುತ್ತದೆ. ಆಕ್ಷನ್ ಪಕ್ಕದಿಂದಲೇ ತೆಳ್ಳಗಾಗುತ್ತಾ ಹೋಗುವ ಬ್ಯಾರೆಲ್‌ಗೆ ಒಪ್ಪುವುದಿಲ್ಲ. ಥ್ರೆಡ್‌ಗೆ ಬೇಕಾದ ಲೋಹವೇ ಇರುವುದಿಲ್ಲ, ಸ್ಟಾಕ್‌ನ ಚಾನಲ್‌ನಲ್ಲೂ ಸಂದು ಬೀಳುತ್ತದೆ. ಬ್ಯಾರೆಲ್ ಮೇಲೆ ಸೈಟ್ ಬೇಸ್‌ನ ರಂಧ್ರಗಳಿದ್ದರೆ ಅವೂ ಹಿಂದೆ ಸರಿಯುತ್ತವೆ. ಮಧ್ಯದಲ್ಲೂ ಬಿರುಕು ಹಬ್ಬಿದ ಬ್ಯಾರೆಲ್‌ಗೆ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಆದ್ದರಿಂದ ಪೂರ್ತಿ ಸತ್ತ ಮೇಲೆ ಮಾಡಿಸುವುದಕ್ಕಿಂತ, ಸವೆತ ಶುರುವಾದಾಗಲೇ ಮಾಡಿಸುವುದು ಮೇಲು. ಕೆಲಸದ ಕೂಲಿ ಮಾತ್ರ ಹೊಸ ಬ್ಯಾರೆಲ್ ಕೂರಿಸುವಷ್ಟೇ ಆಗುತ್ತದೆ, ಉಳಿಯುವುದು ಬ್ಯಾರೆಲ್‌ನ ಬೆಲೆ. ಬ್ಯಾರೆಲ್ ಬಹಳ ಒಳ್ಳೆಯದಾಗಿದ್ದರೆ ಮಾತ್ರ ನಾನು ಈ ದಾರಿ ಹಿಡಿಯುತ್ತೇನೆ.

ವಿಂಚೆಸ್ಟರ್ 52ರಂಥ ಥ್ರೆಡ್ ಬ್ಯಾರೆಲ್‌ನ .22ಗಳಲ್ಲಿ ಚೇಂಬರ್ ಹತ್ತಿರ ಮಾತ್ರ ಸವೆದಿದ್ದರೆ ಸೆಟ್‌ಬ್ಯಾಕ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊಸ ಬ್ಯಾರೆಲ್

ಬ್ಯಾರೆಲ್ ನಿಜವಾಗಿಯೂ ಮುಗಿದಿದ್ದು, ಆಕ್ಷನ್ ಒಳ್ಳೆಯದಾಗಿದ್ದರೆ ಇದೇ ಸರಿಯಾದ ಉತ್ತರ. ಟೈರ್ ಸವೆದರೆ ಕಾರು ಮಾರುವುದಿಲ್ಲವಲ್ಲ, ಟಾರ್ಗೆಟ್ ರೈಫಲ್‌ನಲ್ಲಿ ಬ್ಯಾರೆಲ್ಲೂ ಹಾಗೇ. ಹಾಗಾಗಿ ಮೊದಲು ನೋಡಬೇಕಾದದ್ದು ಆಕ್ಷನ್. ಬೋಲ್ಟ್ ಲಗ್‌ಗಳು ಎರಡೂ ಸಮನಾಗಿ ಕೂರುತ್ತಿವೆಯಾ? ಲಗ್ ಕೂರುವ ಜಾಗದಲ್ಲಿ ಗುಳಿ ಬಿದ್ದಿದೆಯಾ? ಟ್ರಿಗರ್, ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್ ಬಿಡಿಭಾಗ ಇನ್ನೂ ಸಿಗುತ್ತವೆಯಾ? ಬಿಡಿಭಾಗ ಸಿಗದ ಆಕ್ಷನ್ ಮೇಲೆ ದುಬಾರಿ ಬ್ಯಾರೆಲ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ.

ಬ್ಯಾರೆಲ್ ಹೇಗೆ ಕೂತಿದೆ ಅನ್ನುವುದರ ಮೇಲೆ ಕೆಲಸದ ಕಷ್ಟ ನಿಂತಿದೆ. ರೆಮಿಂಗ್ಟನ್ 700, 40ಎಕ್ಸ್, ವಿಂಚೆಸ್ಟರ್ 70 ಇವುಗಳಲ್ಲಿ ಥ್ರೆಡ್ ಇದೆ, ಲೇತ್ ಕೆಲಸ ಗೊತ್ತಿರುವ ಗನ್‌ಸ್ಮಿತ್‌ಗೆ ಪರಿಚಿತ ದಾರಿ. ಸ್ಯಾವೇಜ್ ಆಕ್ಷನ್‌ಗಳಲ್ಲಿ ಬ್ಯಾರೆಲ್ ನಟ್ ಇರುವುದರಿಂದ ಮೊದಲೇ ಚೇಂಬರ್ ಕೊರೆದ ಬ್ಯಾರೆಲ್ ತಂದು ಕೂರಿಸಬಹುದು. ಆನ್‌ಶುಟ್ಜ್ 54 ಆಕ್ಷನ್‌ನಲ್ಲಿ ಬ್ಯಾರೆಲ್ ಒತ್ತಿ ಕೂರಿಸಿ ಪಿನ್ ಹೊಡೆದಿರುತ್ತದೆ. ಅದನ್ನು ಆ ಆಕ್ಷನ್ ಮೇಲೆ ಮೊದಲು ಕೆಲಸ ಮಾಡಿದವರ ಕೈಗೇ ಕೊಡಿ. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಹೆಡ್‌ಸ್ಪೇಸ್ (ಬೋಲ್ಟ್ ಮುಖದಿಂದ ಚೇಂಬರಿನಲ್ಲಿ ಕೇಸು ತಡೆದು ನಿಲ್ಲುವ ಜಾಗದವರೆಗಿನ ಅಂತರ) ಸರಿ ಮಾಡಲು 0ಯಿಂದ 3ರವರೆಗೆ ಅಂಕಿ ಹಾಕಿದ ಬೋಲ್ಟ್ ಹೆಡ್‌ಗಳಿದ್ದವು. ಅವು ಸಿಗದಿದ್ದರೆ ಕೆಲಸ ಅಲ್ಲೇ ನಿಂತುಬಿಡುತ್ತದೆ.

ಯಾವ ಕಾಡತೂಸಿಗೆ ಬ್ಯಾರೆಲ್ ಹಾಕಿಸುವುದು ಅನ್ನುವುದನ್ನು ಆಸೆಗಿಂತ ನಿಯಮ ನೋಡಿ ತೀರ್ಮಾನಿಸಿ. ಅಂತರರಾಷ್ಟ್ರೀಯ ಟಾರ್ಗೆಟ್ ರೈಫಲ್ ಮತ್ತು ಎಫ್-ಟಿಆರ್ (ಸ್ಕೋಪ್ ಹಾಕಿ ದೂರಕ್ಕೆ ಹೊಡೆಯುವ ಎಫ್-ಕ್ಲಾಸ್‌ನ ಒಂದು ವಿಭಾಗ, ಎಫ್-ಓಪನ್ ಇನ್ನೊಂದು) ಸ್ಪರ್ಧೆಗಳಲ್ಲಿ .308 ಮತ್ತು .223 ಮಾತ್ರ. ಎಫ್-ಓಪನ್‌ನಲ್ಲಿ 8 ಮಿ.ಮೀ.ವರೆಗೆ ಏನಾದರೂ ಸರಿ. 300 ಮೀಟರ್ ರೈಫಲ್‌ನಲ್ಲೂ 8 ಮಿ.ಮೀ.ವರೆಗೆ ಬಿಡುತ್ತಾರೆ, ಅಲ್ಲಿ 6 ಎಂಎಂ ಬಿಆರ್ ಅಚ್ಚುಮೆಚ್ಚು. ಹೆಗಲಿಗೆ ಬೀಳುವ ಏಟು ಮೆತ್ತಗೆ, ನಿಖರತೆ ಜಾಸ್ತಿ. ಬೋಲ್ಟ್ ಮುಖವೂ ಹೊಂದಬೇಕು. .308, .243, 6.5 ಕ್ರೀಡ್‌ಮೂರ್, 6 ಎಂಎಂ ಬಿಆರ್ ಎಲ್ಲದರ ಕೇಸಿನ ತಳ ಸುಮಾರು 12 ಮಿ.ಮೀ. ಇವುಗಳ ನಡುವೆ ಬ್ಯಾರೆಲ್ ಬದಲಿಸುವುದು ಸಲೀಸು. .223ಯ ತಳ 9.6 ಮಿ.ಮೀ., ಅದಕ್ಕೆ ಬೇರೆ ಬೋಲ್ಟ್ ಬೇಕು.

ಟ್ವಿಸ್ಟ್ ಅನ್ನು ಗುಂಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ. .308ರಲ್ಲಿ 155 ಗ್ರೇನ್ ಗುಂಡಿಗೆ 12 ಅಥವಾ 13 ಇಂಚು. 200 ಗ್ರೇನ್ ಹೊಡೆಯುವುದಾದರೆ 10. 6 ಮಿ.ಮೀ.ಯಲ್ಲಿ 105 ಗ್ರೇನ್‌ಗೆ 8 ಇಂಚು, 6.5ರಲ್ಲಿ 140 ಗ್ರೇನ್‌ಗೂ 8. ನೀವು ಹೊಡೆಯುವ ಗುಂಡನ್ನೇ ಖಾಲಿ ಕೇಸಿನಲ್ಲಿ ಕೂರಿಸಿ, ಮದ್ದು ಪ್ರೈಮರ್ ಇಲ್ಲದ ಒಂದು ಡಮ್ಮಿ ಮಾಡಿ ಗನ್‌ಸ್ಮಿತ್‌ಗೆ ಕೊಡಿ. ಗಂಟಲನ್ನು ಅದಕ್ಕೆ ಸರಿಯಾಗಿ ಕೊರೆಯುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕಿಂತ ಇದು ಎಷ್ಟೋ ಮೇಲು.

ಕೆಲಸ ಮುಗಿದ ಮೇಲೆ ಗೋ ಮತ್ತು ನೋ-ಗೋ ಗೇಜ್ ಹಾಕಿ ಹೆಡ್‌ಸ್ಪೇಸ್ ನಿಮ್ಮ ಕಣ್ಣೆದುರೇ ತೋರಿಸಲು ಕೇಳಿ. ಪ್ರೂಫ್ ಹೌಸ್ (ಬಂದೂಕನ್ನು ಹೆಚ್ಚಿನ ಒತ್ತಡದಲ್ಲಿ ಹೊಡೆದು ಪರೀಕ್ಷಿಸುವ ಸಂಸ್ಥೆ) ಇರುವ ದೇಶಗಳಲ್ಲಿ ಹೊಸ ಬ್ಯಾರೆಲ್ ಅಥವಾ ಹೊಸ ಚೇಂಬರ್ ಆದ ಮೇಲೆ ಮತ್ತೆ ಪ್ರೂಫ್ ಆಗಬೇಕು. ಲೈಸೆನ್ಸ್‌ನಲ್ಲಿ ಕ್ಯಾಲಿಬರ್ ಬರೆದಿರುತ್ತದೆ, ಅದು ಬದಲಾಗುವುದಾದರೆ ಕೆಲಸಕ್ಕೆ ಕೊಡುವ ಮೊದಲೇ ಅನುಮತಿ ಕೈಯಲ್ಲಿರಬೇಕು. ಹೊಸ ಬ್ಯಾರೆಲ್‌ನ ವೇಗ ಮೊದಲ 100–200 ಗುಂಡಿನವರೆಗೆ ನಿಧಾನವಾಗಿ ಏರುವುದುಂಟು. ಆಮೇಲೆಯೇ ಮದ್ದಿನ ಅಳತೆ ಖಾಯಂ ಮಾಡಿಕೊಳ್ಳಿ.

ನಾಲ್ಕು ರೈಫಲ್‌ಗಳು, ನನ್ನ ತೀರ್ಮಾನ

1970ರ ದಶಕದ .22 ಮ್ಯಾಚ್ ರೈಫಲ್, ಗ್ರೂಪ್ ಸ್ವಲ್ಪ ದೊಡ್ಡದಾಗಿದೆ. ಇಟ್ಟುಕೊಳ್ಳುತ್ತೇನೆ. ಸ್ಕ್ರೂ, ಬೆಡ್ಡಿಂಗ್, ಮಸಿ, ಆಮೇಲೆ ಲಾಟ್ ಪರೀಕ್ಷೆ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಮುಂದಿನ ಮಾತು.

4,500 ಗುಂಡು ಕಂಡ .308, ಥ್ರೆಡ್ ಬ್ಯಾರೆಲ್, ಒಳ್ಳೆಯ ಆಕ್ಷನ್, 900 ಮೀಟರ್‌ನಲ್ಲಿ ಚದುರುತ್ತಿದೆ. ಹೊಸ ಬ್ಯಾರೆಲ್, ಅದೇ .308. ಕೇಸು, ಡೈ, ವರ್ಷಗಳ ಅನುಭವ ಎಲ್ಲ ಕೈಯಲ್ಲೇ ಇದೆ.

6.5×55 ಸಿಜಿ63, ಗಂಟಲು ಸವೆದಿದೆ ಅಂತ ಅನುಮಾನ. ಇಲ್ಲಿ ಆತುರ ಬೇಡ. ಎಂ/96 ಕಾಲದಿಂದ ಬಂದ 6.5×55ರ ಗಂಟಲು ಉದ್ದನೆಯ 156 ಗ್ರೇನ್ ಗುಂಡಿಗೆಂದೇ ಆಳವಾಗಿದ್ದದ್ದು. ಅಳತೆ ನೋಡಿ ಸವೆದಿದೆ ಅನ್ನುವುದು ಸುಲಭದ ತಪ್ಪು. ಟ್ವಿಸ್ಟ್ 200 ಮಿ.ಮೀ.ಗೆ ಒಂದು, ಉದ್ದ ಗುಂಡಿಗೆ ಹೇಳಿ ಮಾಡಿಸಿದ್ದು. 140 ಗ್ರೇನ್ ಮತ್ತು ಮೇಲಿನ ಗುಂಡು ಹಾಕಿ ಹೊಡೆದು ನೋಡಿ, ಆಮೇಲೆ ಮಾತಾಡೋಣ. .308 ಮಾಡಿಸುವ ಯೋಚನೆ ಬೇಡವೇ ಬೇಡ.

.222 ರೆಮಿಂಗ್ಟನ್, ಬ್ಯಾರೆಲ್ ಚೆನ್ನಾಗಿದೆ, ಕಾಡತೂಸು ಸಿಗುತ್ತಿಲ್ಲ. ಆಕ್ಷನ್ .223ರ ಒತ್ತಡಕ್ಕೂ ಕಟ್ಟಿದ್ದು ಅಂತ ಗನ್‌ಸ್ಮಿತ್ ನೋಡಿ ಹೇಳಿದರೆ, 55 ಗ್ರೇನ್‌ವರೆಗಿನ ಗುಂಡಷ್ಟೇ ಸಾಕು ಅನ್ನುವವರಿಗೆ .223ಕ್ಕೆ ಕೊರೆಸುವುದು ಸರಿ. 100–200 ಮೀಟರ್‌ಗೆ ಅದು ಬಹಳ ಚಂದ ಹೊಡೆಯುತ್ತದೆ. ದೂರ ಹೊಡೆಯುವ ಆಸೆ ಇದ್ದರೆ ಅದೇ ಆಕ್ಷನ್ ಮೇಲೆ ವೇಗದ ಟ್ವಿಸ್ಟ್‌ನ .223 ಬ್ಯಾರೆಲ್ ಹಾಕಿಸಿ. ಬೋಲ್ಟ್ ಮುಖ ಎರಡಕ್ಕೂ ಒಂದೇ.

ಗನ್‌ಸ್ಮಿತ್ ಹತ್ತಿರ ಹೋಗುವಾಗ ಇಷ್ಟು ಹಿಡಿದುಕೊಂಡು ಹೋಗಿ: ಗುಂಡಿನ ಲೆಕ್ಕ ಬರೆದ ಪುಸ್ತಕ, ರೆಸ್ಟ್ ಮೇಲೆ ಹೊಡೆದ ಇತ್ತೀಚಿನ ಟಾರ್ಗೆಟ್‌ಗಳು, ಗಂಟಲಿನ ಅಳತೆ, ಈ ರೈಫಲ್‌ನಲ್ಲೇ ಹೊಡೆದ ನಾಲ್ಕೈದು ಖಾಲಿ ಕೇಸು, ಒಂದು ಡಮ್ಮಿ. ಬೋಲ್ಟ್ ತೆಗೆದು ಬೇರೆ ಇಟ್ಟುಕೊಳ್ಳಿ, ಚೇಂಬರ್ ಖಾಲಿ ಇದೆ ಅಂತ ಎರಡು ಸಲ ನೋಡಿ.